ತೊಳೆದರೂ ಹೋಗದ ಹೊಗೆ

ಆ ವರ್ಷ ನಾನು ನನ್ನ ಗಂಡನ ಅಂಗಿ ಮೂಸಿದಷ್ಟು ಮಗಳ ಕೆನ್ನೆಯನ್ನೂ ಮೂಸಿರಲಿಕ್ಕಿಲ್ಲ. ಕಾಲರು, ಕಂಕುಳು, ಜೇಬು, ತೋಳಿನ ಪಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಅವರು ಆಫೀಸಿನಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ನೋಡಿದವರು ಎಂಥ ಅಕ್ಕರೆಯ ಹೆಂಡತಿ ಅಂದುಕೊಳ್ಳಬೇಕು. ನಾನು ಕಾಯುತ್ತಿದ್ದುದು ಗಂಡನನ್ನಲ್ಲ, ಅಂಗಿಯನ್ನು.

ಹೈದರಾಬಾದಿನಲ್ಲಿ ಕಂಡಕಂಡವರಿಗೆಲ್ಲ ಕಂಪ್ಯೂಟರ್ ಕೆಲಸ ಸಿಗುತ್ತಿದ್ದ ಕಾಲ ಅದು. ಮಾದಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮವರು ಅಲ್ಲೇ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದರು. ನಮ್ಮ ಬಾಡಿಗೆ ಮನೆ ಇದ್ದದ್ದು ಪಟಾನ್‌ಚೆರು ಕಡೆ ಹೋಗುವ ರಸ್ತೆಯಲ್ಲಿ, ಸುಣ್ಣದ ವಾಸನೆ ಇನ್ನೂ ಆರದ ಹೊಸ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ನಾನು ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಹೆರಿಗೆ ರಜೆಯಲ್ಲಿದ್ದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ಆದರೆ ಕಂಪನಿಯ ವಿಮೆ ಇದ್ದದ್ದು ಇಲ್ಲಿನ ಆಸ್ಪತ್ರೆಗೆ. ಹಾಗಾಗಿ ನಾನು ತವರಿಗೆ ಹೋಗುವ ಬದಲು ತವರೇ ನನ್ನ ಬಳಿಗೆ ಬಂತು. ಕಲಬುರಗಿಯಿಂದ ಅವ್ವ ಒಂದು ಟ್ರಂಕು, ಒಂದು ಗೋಣಿಚೀಲ ಹೊತ್ತುಕೊಂಡು ಬಂದಿಳಿದಳು.

ಅವ್ವನ ಬಾಣಂತನ ಅಂದರೆ ಬಾಣಂತನ. ಬೆಳಿಗ್ಗೆ ಎಣ್ಣೆ ತಿಕ್ಕಿ, ಮೈ ಕೆಂಪೇರುವಷ್ಟು ಬಿಸಿನೀರು ಹುಯ್ದು, ಅಂಟಿನುಂಡೆ ತಿನ್ನಿಸಿ, ಕಿವಿಗೆ ಬಟ್ಟೆ ಕಟ್ಟಿ ಮಲಗಿಸಿದಳೆಂದರೆ ನಾನು ಮಧ್ಯಾಹ್ನದವರೆಗೆ ಏಳುವಂತಿರಲಿಲ್ಲ. ಕೂಸಿಗೂ ಅದೇ ಉಪಚಾರ. ಎರೆದು, ಲೋಬಾನದ ಧೂಪ ಹಾಕಿ, ಹುಬ್ಬಿಗೆ ಕಾಡಿಗೆ ತೀಡಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕುತ್ತಿದ್ದಳು. ನನ್ನ ಅಜ್ಜಿ ಅವ್ವನಿಗೆ ಮಾಡಿದ್ದನ್ನೇ ಅವ್ವ ನನಗೆ ಮಾಡುತ್ತಿದ್ದಳು. ಆ ದಿನಗಳಲ್ಲಿ ನನಗೆ ಜಗತ್ತಿನಲ್ಲಿ ಯಾರ ಮೇಲಾದರೂ ಪೂರ್ತಿ ನಂಬಿಕೆ ಇದ್ದರೆ ಅದು ಅವ್ವನ ಮೇಲೆ.

ಎರಡನೆಯ ತಿಂಗಳು ದಾಟುವಷ್ಟರಲ್ಲಿ ಕೂಸಿನ ಎದೆಯಲ್ಲಿ ಗೊರಗೊರ ಶುರುವಾಯಿತು. ಹಾಲು ಕುಡಿಯುತ್ತ ಕುಡಿಯುತ್ತ ಉಸಿರು ಸಾಲದೆ ಬಾಯಿ ಬಿಟ್ಟುಬಿಡುತ್ತಿತ್ತು. ಅಷ್ಟು ಚಿಕ್ಕ ಪಕ್ಕೆಗಳ ನಡುವಿನ ಚರ್ಮ ಒಳಕ್ಕೆ ಸೇದಿಕೊಳ್ಳುವುದನ್ನು ನೋಡಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆಸ್ಪತ್ರೆಗೆ ಒಯ್ದು ಮೂಗಿಗೆ ಔಷಧದ ಹಬೆ ಹಿಡಿಸಿದರೆ ಒಂದೆರಡು ದಿನ ತಿಳಿಯಾಗುವುದು, ಮತ್ತೆ ಅದೇ ಹಾಡು. ಮಕ್ಕಳ ಡಾಕ್ಟರು ಹಿಂದಿ ಮಾತಾಡುವ ತೆಲುಗಿನ ಹೆಂಗಸು, ಗಟ್ಟಿ ಸ್ವಭಾವದವರು. ಮನೆಯಲ್ಲಿ ಕಟ್ಟಿಗೆ ಒಲೆ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಸೊಳ್ಳೆ ಬತ್ತಿ? ಇಲ್ಲ ಅಂದೆ. ಯಾರಾದರೂ ಸಿಗರೇಟು ಸೇದುತ್ತಾರೆಯೇ ಅಂದರು. ನಾನು ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ತಿರುಗಿ ನೋಡಿದೆ, ಅಷ್ಟೆ.

"ಬಿಟ್ಟುಬಿಟ್ಟಿದ್ದೇನೆ ಮೇಡಂ" ಎಂದು ಅವರು ಹಿಂದಿಯಲ್ಲಿ ಹೇಳಿದರು.

"ಮನೆಯಲ್ಲಿ ಹೊಗೆ ಇರಲೇಬಾರದು. ಹೊರಗೆ ಸೇದಿ ಬಂದರೂ ಬಟ್ಟೆಯಲ್ಲಿ ಕೂತಿರುತ್ತದೆ, ಅದೂ ಆಗದು. ಇನ್ನೊಂದು ಸಲ ಹೀಗಾದರೆ ಅಡ್ಮಿಟ್ ಮಾಡಬೇಕಾಗುತ್ತದೆ. ಇಷ್ಟು ಸಣ್ಣ ಮಗುವಿಗೆ ಏನು ಬೇಕಾದರೂ ಆಗಬಹುದು" ಅಂದರು ಡಾಕ್ಟರು.

ಏನು ಬೇಕಾದರೂ ಅಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಯಾವ ತಾಯಿಗೂ ಇರುವುದಿಲ್ಲ.

ನಾನು ಬಸುರಿಯಾದಾಗ ಇವರು ಸಿಗರೇಟು ಬಿಟ್ಟೆ ಎಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ಆಣೆ ಮಾಡುವ ಗಂಡಸರನ್ನು ನಂಬಬಾರದು ಎಂದು ನನಗೆ ಅವತ್ತೇ ಅನ್ನಿಸಿತ್ತು. ಮನೆಗೆ ಬಂದು ಬೀರು ತೆರೆದು ಒಂದೊಂದೇ ಅಂಗಿ ಮೂಸಿದೆ. ಇತ್ತು. ಸುಟ್ಟ ವಾಸನೆ, ಹಳಸಿದ ಹೊಗೆಯ ವಾಸನೆ, ಒಗೆದು ಮಡಿಸಿಟ್ಟ ಅಂಗಿಯಲ್ಲೂ ಇತ್ತು. ನನಗೆ ಪಿತ್ತ ನೆತ್ತಿಗೇರಿತು.

"ಇದೇನ್ರೀ?" ಎಂದು ಅಂಗಿಯನ್ನು ಅವರ ಮೂಗಿಗೆ ಹಿಡಿದೆ.

"ಕಂಪನಿ ಕ್ಯಾಬ್‌ನ್ಯಾಗ ಡ್ರೈವರ್ ಸೇದತಾನ, ನಾ ಏನ್ ಮಾಡ್ಲಿ?"

"ಡ್ರೈವರ್ ಸೇದಿದ್ರ ನಿಮ್ಮ ಒಗದ ಅಂಗಿಗೂ ವಾಸನಿ ಬರತೈತೇನು?"

"ಹಂಗಾರ ಪಟಾನ್‌ಚೆರು ಫ್ಯಾಕ್ಟರಿ ಗಾಳಿ ಇರಬೇಕು. ಸಂಜಿಗೆ ಆ ಕಡಿಂದನ ಬೀಸತೈತಿ."

ನೋಡಿ, ಒಬ್ಬ ಮನುಷ್ಯ ಒಂದೇ ವಾಸನೆಗೆ ಎರಡು ಕಾರಣ ಕೊಟ್ಟನೆಂದರೆ ಎರಡೂ ಸುಳ್ಳು. ನಾನು ಮೇಷ್ಟರ ಕೆಲಸ ಮಾಡಿದವಳು, ಹೋಂವರ್ಕ್ ಮಾಡದ ಮಕ್ಕಳನ್ನು ದಿನಾ ಕಂಡವಳು. ಅವತ್ತಿನಿಂದ ಬಾಗಿಲಲ್ಲೇ ಅಂಗಿ ಬಿಚ್ಚಿಸತೊಡಗಿದೆ. ಸ್ನಾನ ಮಾಡದೆ ಕೂಸನ್ನು ಮುಟ್ಟುವಂತಿಲ್ಲ ಎಂದು ಅಪ್ಪಣೆ ಹೊರಡಿಸಿದೆ. ಪಾಪ, ಬನಿಯನ್ನಿನಲ್ಲಿ ಬಾಗಿಲಲ್ಲಿ ನಿಂತು ಮಗಳನ್ನು ದೂರದಿಂದ ನೋಡಿ ನಗಿಸಲು ಒದ್ದಾಡುತ್ತಿದ್ದರು. ನನಗೆ ಕನಿಕರ ಬರಲಿಲ್ಲ.

ಅಂಗಿ ತೊಳೆಯುವುದೇ ನನಗೊಂದು ವ್ರತವಾಯಿತು. ಸಾಬೂನಿನ ಪುಡಿ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಎದುರು ಮನೆಯ ತೆಲುಗಿನ ಅಕ್ಕ ವಿನೆಗರ್ ಹೇಳಿದಳು. ಅರ್ಧ ಬಕೆಟ್ ನೀರಿಗೆ ಒಂದು ಲೋಟ ಸುರಿದು ರಾತ್ರಿಯಿಡೀ ನೆನೆಹಾಕಿದೆ, ಬಚ್ಚಲೆಲ್ಲ ಉಪ್ಪಿನಕಾಯಿ ಭರಣಿಯ ವಾಸನೆ. ಆಮೇಲೆ ಅಡುಗೆ ಸೋಡಾ ಬೆರೆಸಿ ಜಾಲಾಡಿದೆ. ಹೊಗೆ ಕೂತ ಬಟ್ಟೆಗೆ ಬಿಸಿ ಇಸ್ತ್ರಿ ಎಳೆದರೆ ವಾಸನೆ ನೂಲಿನೊಳಗೇ ಕೂತುಬಿಡುತ್ತದೆ ಎಂದು ಅವಳೇ ಎಚ್ಚರಿಸಿದ್ದಳು. ಹಾಗಾಗಿ ಗೇಟಿನ ಬಳಿಯ ಇಸ್ತ್ರಿ ಬಂಡಿಯವನಿಗೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದೆ, ಇವರು ಮುದುಡಿದ ಅಂಗಿ ಹಾಕಿಕೊಂಡು ಮೀಟಿಂಗಿಗೆ ಹೋದರು. ಬೀರುವಿನಲ್ಲಿ ಬಟ್ಟಲು ತುಂಬ ಕಾಫಿಪುಡಿ ಇಟ್ಟೆ. ಬಾಲ್ಕನಿಯ ಹಗ್ಗದ ಮೇಲೆ ಎರಡೆರಡು ದಿನ ಗಾಳಿಗೆ ಬಿಟ್ಟೆ.

ವಿಚಿತ್ರವೆಂದರೆ, ಹಿಂಡಿ ಕೊಡವುವಾಗ ಅಂಗಿಯಲ್ಲಿ ವಿನೆಗರಿನ ವಾಸನೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಒಣಗಿಸಿ ತೆಗೆದರೆ ಮತ್ತೆ ಹೊಗೆ. ಒಗೆಯುವಾಗ ಅಡಗಿ ಕೂತು ಒಣಗಿದ ಮೇಲೆ ಮೇಲೇಳುತ್ತದೆ, ಎಂಥ ಜಿಗುಟು ಸಿಗರೇಟು ಸೇದುತ್ತಾರಪ್ಪ ಇವರು ಎಂದು ನಾನು ಇನ್ನಷ್ಟು ಕುದಿದೆ.

ಒಂದು ಸಂಜೆ ಪ್ಯಾಂಟಿನ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಹೊಚ್ಚ ಹೊಸದು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಊಟದ ತಟ್ಟೆಯ ಪಕ್ಕದಲ್ಲಿ ಅದನ್ನು ಇಟ್ಟೆ.

"ಅತ್ತಿ ತರಾಕ ಹೇಳಿದ್ರು" ಅಂದರು ಇವರು.

ನಾನು ಅವ್ವನ ಕಡೆ ನೋಡಿದೆ. ಅವ್ವ ರೊಟ್ಟಿ ಬಡಿಯುತ್ತಲೇ, "ಹೌದು, ನಾನ ಹೇಳಿದ್ದೆ. ಎಲ್ಲಾದಕ್ಕೂ ಅವರ ಮ್ಯಾಲ ಯಾಕ ಹರಿಹಾಯ್ತಿ?" ಅಂದಳು.

ಅಳಿಯನ ಮೇಲೆ ಅತ್ತೆಗೆ ಪ್ರೀತಿ ಜಾಸ್ತಿ, ಮುಚ್ಚಿಹಾಕುತ್ತಿದ್ದಾಳೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಗ್ಯಾಸ್ ಒಲೆಗೆ ಲೈಟರ್ ಇತ್ತು. ದೇವರ ದೀಪಕ್ಕೆ ಅಡುಗೆಮನೆಯಲ್ಲಿ ಇನ್ನೊಂದು ಪೊಟ್ಟಣ ಅರ್ಧ ತುಂಬಿಯೇ ಇತ್ತು. ಹಾಗಿದ್ದಮೇಲೆ ಇದು ಯಾತಕ್ಕೆ ಎಂದು ಅವತ್ತು ಅವ್ವನನ್ನು ಒಂದು ಮಾತು ಕೇಳಬಹುದಿತ್ತು. ಗಂಡನನ್ನು ಹಿಡಿದ ಖುಷಿಯಲ್ಲಿ ಆ ಕಡೆ ತಲೆ ಹೋಗಲಿಲ್ಲ.

ಅಷ್ಟರಲ್ಲಿ ಕಂಪನಿ ಇವರನ್ನು ಕೆಲವು ವಾರಗಳ ಮಟ್ಟಿಗೆ ಚೆನ್ನೈಗೆ ಕಳಿಸಿತು. ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಅಂಗಿ, ಪ್ಯಾಂಟು, ಕರ್ಚೀಫು ಸಮೇತ ಎಲ್ಲ ತುಂಬಿ ಕಳಿಸಿದೆ. ಪರದೆ, ಹೊದಿಕೆ, ಸೋಫಾದ ಮೇಲಿನ ಬಟ್ಟೆ ಎಲ್ಲ ಒಗೆದು ಹಾಕಿದೆ. ಇನ್ನು ಮನೆಯಲ್ಲಿ ಹೊಗೆ ಬರಲು ದಾರಿಯೇ ಇಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಕೂಸಿನ ಗೊರಗೊರ ಹೋಗಲಿಲ್ಲ. ಹೋಗದಿದ್ದರೆ ಹೋಗಲಿ, ಹೆಚ್ಚಾಯಿತು. ತೊಟ್ಟಿಲ ಬಟ್ಟೆ ಮೂಸಿದೆ. ಅಲ್ಲೂ ಅದೇ ಸುಟ್ಟ ವಾಸನೆ, ಗಂಡ ನಾನೂರು ಮೈಲಿ ಆಚೆ ಇರುವಾಗ.

ಆದರೆ ಗುಮಾನಿಯ ಮನಸ್ಸು ಬರಿಗೈಯಲ್ಲಿ ಕೂರುವುದಿಲ್ಲ. ಕೆಳಗಿನ ವಾಚ್‌ಮನ್ ಬೀಡಿ ಸೇದುತ್ತಾನೆ, ಅವನಿರಬೇಕು ಅಂದುಕೊಂಡೆ. ಆದರೆ ಅವನು ಕೂರುವುದು ಗೇಟಿನ ಆಚೆ. ಆಮೇಲೆ ಮೇಲಿನ ಮಹಡಿಯ ಹುಡುಗರು ನೆನಪಾದರು. ಮೈಸೂರು, ಮಂಗಳೂರು ಕಡೆಯ ಮೂವರು, ಮಾದಾಪುರದಲ್ಲಿ ಕೆಲಸ. ನಮ್ಮದರ ನೇರ ಮೇಲೆ ಅವರ ಬಾಲ್ಕನಿ. ಒಮ್ಮೆ ನಮ್ಮ ತುಳಸಿ ಕುಂಡದಲ್ಲಿ ಸಿಗರೇಟಿನ ತುಂಡು ಬಿದ್ದಿತ್ತು. ಇನ್ನೇನು ಬೇಕು? ಒಂದು ಬೆಳಿಗ್ಗೆ ಎರೆದಾದ ಕೂಸನ್ನು ಅವ್ವನ ಕೈಯಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ. ಬಾಣಂತಿ ಮೆಟ್ಟಿಲು ಹತ್ತಬಾರದು ಎಂದು ಅವ್ವ ಹಿಂದಿನಿಂದ ಕೂಗಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈಸೂರಿನ ಹುಡುಗ ನಿದ್ದೆಗಣ್ಣಲ್ಲಿ ಬಾಗಿಲು ತೆರೆದ. ನಾನು ಅವನಿಗೆ ಮಾತಾಡಲು ಬಿಡಲಿಲ್ಲ. ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತೀರಿ, ಕೆಳಗೆ ಹಸುಗೂಸಿದೆ, ಅದಕ್ಕೆ ಉಸಿರು ಕಟ್ಟುತ್ತಿದೆ, ನಿಮಗೆ ಅಕ್ಕತಂಗಿಯರಿಲ್ಲವೇ ಎಂದು ಒಂದೇ ಸಮನೆ ಹರಿಹಾಯ್ದೆ. ಅವನು ಪೂರ್ತಿ ಕೇಳಿಸಿಕೊಂಡ.

"ತುಂಡು ಬಿದ್ದಿದ್ದು ನಮ್ಮದೇ ಇರಬೇಕು, ಸಾರಿ ಅಕ್ಕ. ಆಮೇಲೆ ನಾವು ಟೆರೇಸಿಗೇ ಹೋಗ್ತೀವಿ" ಅಂದ. ಸ್ವಲ್ಪ ಹಿಂದೆಮುಂದೆ ನೋಡಿ, "ಬೇಜಾರ್ ಮಾಡ್ಕೋಬೇಡಿ, ನಾವೇ ನಿಮಗೆ ಹೇಳೋಣ ಅಂತಿದ್ವಿ. ಪಾಪು ಇದೆ ಅಂತ ಸುಮ್ಮನಿದ್ವಿ. ದಿನಾ ಬೆಳಿಗ್ಗೆ, ಸಂಜೆ ನಿಮ್ಮನೆ ಹೊಗೆ ಮೇಲೆ ಬರತ್ತೆ. ಇಲ್ಲಿ ಬಟ್ಟೆ ಒಣಗಾಕೋಕೇ ಆಗಲ್ಲ. ಎಷ್ಟು ಸಲ ಒಗೆದ್ರೂ ವಾಸನೆ ಹೋಗಲ್ಲ. ಆಫೀಸಲ್ಲಿ ನಮ್ಮನ್ನ ಬಾಬಾ ಅಂತಾರೆ" ಅಂದ.

"ನಮ್ಮ ಮನೆ ಹೊಗೆ?" ಅಂದೆ.

ಅವನು ಒಳಗಿನಿಂದ ಒಂದು ಅಂಗಿ ತಂದು ಕೊಟ್ಟ. ಪರಗಂಡಸಿನ ಅಂಗಿ ಎಂದು ನೋಡದೆ ಮೂಗಿಗೆ ಹಿಡಿದೆ. ನನ್ನ ಗಂಡನ ಅಂಗಿಯದೇ ವಾಸನೆ, ಅದೇ ಸುಟ್ಟ, ಹಳಸಿದ, ಎಷ್ಟು ತೊಳೆದರೂ ಹೋಗದ ವಾಸನೆ. ಅವನ ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡಿದೆ. ನಮ್ಮ ಬಾಲ್ಕನಿಯಿಂದ ಬೆಳ್ಳನೆಯ ಹೊಗೆ ಎದ್ದು, ಹಗ್ಗಕ್ಕೆ ಹಾಕಿದ್ದ ನನ್ನ ಸೀರೆ, ಕೂಸಿನ ಬಟ್ಟೆಗಳ ನಡುವೆ ಹಾದು ಮೇಲಕ್ಕೆ ಬರುತ್ತಿತ್ತು.

ಧೂಪವನ್ನು ನಾನು ದಿನಾ ಕಾಣುತ್ತಿದ್ದೆ. ಡಾಕ್ಟರು ಹೊಗೆ, ಹೊಗೆ ಎಂದು ಅಷ್ಟು ಸಲ ಕೇಳಿದಾಗ ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಮಗೆ ಹೊಗೆ ಎಂದರೆ ಒಲೆಯದು, ಬೀಡಿ ಸಿಗರೇಟಿನದು. ಧೂಪ ಧೂಪವೇ, ಅದು ಔಷಧದ ಸಾಲಿಗೆ ಸೇರಿದ್ದು. ಹುಟ್ಟಿದಾಗಿನಿಂದ ಅದರೊಳಗೇ ಬೆಳೆದ ನನ್ನ ಮೂಗಿಗೆ ಅದು ಉರಿಯುವಾಗ ಬರೀ ತವರುಮನೆಯ ವಾಸನೆ, ಬಟ್ಟೆಯಲ್ಲಿ ಹಳಸಿದಾಗ ಮಾತ್ರ ಗಂಡನ ಸಿಗರೇಟು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಬಾಲ್ಕನಿಯಲ್ಲಿ ಅವ್ವ ಮಣೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು. ಮುಂದೆ ಊರಿನಿಂದ ತಂದ ಮಣ್ಣಿನ ಶೆಗಡಿ. ಅದರ ಕೆಂಡ ಇಸ್ತ್ರಿ ಬಂಡಿಯವನದು. ಅವನ ಜೊತೆ ಉರ್ದುವಿನಲ್ಲಿ ಸುಖದುಃಖ ಮಾತಾಡಿ ದಿನಾ ತರುತ್ತಿದ್ದಳು, ಅವನು ಇಲ್ಲದ ಹೊತ್ತಿನಲ್ಲಿ ತಾನೇ ಇದ್ದಿಲು ಹೊತ್ತಿಸಿಕೊಳ್ಳುತ್ತಿದ್ದಳು. ಕೆಂಡದ ಮೇಲೆ ಲೋಬಾನ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆ. ಎರಡೂ ಕೈಯಲ್ಲಿ ಕೂಸನ್ನು ಬೋರಲು ಹಿಡಿದು ಆ ಹೊಗೆಯ ಮೇಲೆ ನಿಧಾನವಾಗಿ ಆಡಿಸುತ್ತಿದ್ದಳು. ನಾನು ಕೂಸನ್ನು ಕಿತ್ತುಕೊಂಡೆ.

"ಬಂದ್ ಮಾಡವ್ವ ಇದನ್ನ."

"ಯಾಕ, ಏನಾತು?"

"ಇದ ಹೊಗಿ. ಡಾಕ್ಟರ್ ಬ್ಯಾಡಂದ ಹೊಗಿ ಇದ."

"ಇದು ಹೊಗಿ ಏನವ್ವ? ಲೋಬಾನ. ಎದ್ಯಾಗ ಕಫ ಕೂಡಬಾರದಂತ ಹಾಕೋದು. ಕೂಸು ಗೊರ್ ಅನ್ನಾಕತ್ತಿಂದ ನಾನು ಸಂಜಿಗೂ ಹಾಕಾಕತ್ತೀನಿ. ಅದಕ್ಕ ಅಳಿಯಂದ್ರಿಗೆ ಕಡ್ಡಿಪೆಟ್ಟಿಗಿ ತರಾಕ ಹೇಳಿದ್ದೆ."

ಕೂಸಿಗೆ ಉಸಿರು ಕಟ್ಟಿದಷ್ಟೂ ಅವ್ವ ಧೂಪ ಹೆಚ್ಚಿಸಿದ್ದಳು. ಧೂಪ ಹೆಚ್ಚಿದಷ್ಟೂ ಕೂಸಿಗೆ ಉಸಿರು ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

"ನೀ ಮಾಡಿದ್ದಕ್ಕ ಕೂಸಿಗೆ ಉಸಿರು ಸಿಗವಲ್ದಾಗೈತಿ. ನಿನ್ನಿಂದನ ಆಗೈತಿ ಇದು" ಅಂದೆ.

ಅವ್ವ ವಾದ ಮಾಡುತ್ತಾಳೆ, ನಿನ್ನನ್ನೂ ಹೀಗೇ ಬೆಳೆಸಿದ್ದೇನೆ ಅನ್ನುತ್ತಾಳೆ ಎಂದು ನಾನು ಉತ್ತರ ಜೋಡಿಸಿಕೊಂಡು ನಿಂತಿದ್ದೆ. ಅವಳು ಎರೆದು ಉಳಿದಿದ್ದ ಚೊಂಬಿನ ನೀರನ್ನು ಕೆಂಡದ ಮೇಲೆ ಸುರಿದಳು.

ಮಧ್ಯಾಹ್ನ ಕೂಸಿನ ಬಟ್ಟೆಗಳನ್ನೆಲ್ಲ ಮತ್ತೊಮ್ಮೆ ಒಗೆದು ಈ ಸಲ ಟೆರೇಸಿನಲ್ಲಿ ಒಣಗಿಸಿ ತಂದೆ. ಒಂದೇ ಸಲಕ್ಕೆ ವಾಸನೆ ಹೋಗಿತ್ತು. ವಿನೆಗರೂ ಬೇಡ, ಸೋಡಾವೂ ಬೇಡ, ಹೊಗೆ ಇಲ್ಲದ ಜಾಗದಲ್ಲಿ ಒಣಗಿಸಿದರೆ ಸಾಕಿತ್ತು. ಗೆದ್ದವಳ ಹಾಗೆ ಅವ್ವನ ಮುಂದೆ ಕೂತು ಮಡಿಸತೊಡಗಿದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ನಿಮ್ಮಣ್ಣಗೂ ಹಿಂಗ ಗೊರಗೊರ ಅಂತಿತ್ತು" ಅಂದಳು.

ನನಗಿಂತ ಮೊದಲು ಅವ್ವನಿಗೆ ಒಂದು ಗಂಡುಮಗು ಹುಟ್ಟಿ, ವರ್ಷ ತುಂಬುವ ಮೊದಲೇ ಹೋಗಿತ್ತು. ನಮ್ಮ ಮನೆಯಲ್ಲಿ ಅವನ ಫೋಟೋ ಇರಲಿಲ್ಲ, ಅವನ ಮಾತೂ ಬರುತ್ತಿರಲಿಲ್ಲ. ಎದೆ ಕಟ್ಟಿ ಹೋಯಿತಂತೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

"ಅವಂಗ ಮೂರು ಹೊತ್ತು ಹಾಕತಿದ್ದೆ. ನಮ್ಮತ್ತಿ ಹಾಕು ಹಾಕು ಅಂತಿದ್ರು. ಕ್ವಾಣಿ ಬಾಗಲ ಮುಚ್ಚಿ ಹಾಕತಿದ್ದೆ, ಗಾಳಿಗೆ ಹೋಗಬಾರದಂತ" ಅಂದಳು ಅವ್ವ. ಆಮೇಲೆ ನನ್ನನ್ನೇ ನೋಡಿದಳು. "ಹಂಗಾರ ಅದೂ ನನ್ನಿಂದನ ಆತೇನು?"

ಬೆಳಿಗ್ಗೆ ಆಡಿದ ಮಾತನ್ನು ನುಂಗಿಬಿಡಲು ಆಗುವಂತಿದ್ದರೆ ನುಂಗುತ್ತಿದ್ದೆ.

"ಹುಚ್ಚಿ, ಅದಕ್ಕೂ ಇದಕ್ಕೂ ಏನ್ ಸಂಬಂಧ? ಅವಂಗ ನ್ಯುಮೋನಿಯಾ ಆಗಿತ್ತಂತ, ಅಪ್ಪ ಹೇಳಿದ್ರು."

"ಯಾವಾಗ ಹೇಳಿದ್ರು?"

"ನಾ ಕಾಲೇಜಿಗೆ ಹೋಗುವಾಗ."

"ನಿಮ್ಮಪ್ಪ ಅವನ ಸುದ್ದಿ ಯಾರ ಮುಂದೂ ತೆಗಿತಿದ್ದಿಲ್ಲ" ಅಂದಳು ಅವ್ವ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು, ಕೇಳಲು ಯಾರೂ ಇರಲಿಲ್ಲ. ನಾನು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಅವ್ವ ನೋಡುತ್ತಲೇ ಇದ್ದಳು.

ಮುಂದಿನ ವಾರ ಡಾಕ್ಟರು ನೋಡಿ ಎದೆ ತಿಳಿಯಾಗುತ್ತಿದೆ ಅಂದರು. ಬಲಕ್ಕೆಂದು ಒಂದು ಹನಿ ಔಷಧ ಬರೆದುಕೊಟ್ಟರು, ಬರೀ ವಿಟಮಿನ್ನು. ನಾನು ಮನೆಗೆ ಬಂದು ಆ ಬಾಟಲಿಯನ್ನು ಅವ್ವನ ಮುಂದೆ ಹಿಡಿದು, ಇದೇ ನೋಡು, ಎದೆಗೆ ಕೊಟ್ಟಿರುವ ಹೊಸ ಔಷಧ, ಇದರಿಂದಲೇ ಗುಣವಾಗುವುದು ಎಂದೆ. ಹೊಗೆಯದು ಏನೂ ಇಲ್ಲವಂತೆ, ಸುಮ್ಮನೆ ಜಾಗ್ರತೆಗೆ ಹೇಳಿದ್ದಂತೆ ಎಂದೂ ಸೇರಿಸಿದೆ. ದಿನಾ ಅವಳ ಎದುರಿಗೇ ಹನಿ ಎಣಿಸಿ ಹಾಕುತ್ತಿದ್ದೆ. ಅವ್ವ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಓದಲು ಬರದ ಅವಳು ಅದರಲ್ಲಿ ಏನು ಹುಡುಕುತ್ತಿದ್ದಳೋ.

ಇವರು ಚೆನ್ನೈಯಿಂದ ಬಂದರು. ವಿಷಯ ತಿಳಿದು, "ನನ್ನ ಅಂಗಿಗೆ ಈಗರ ನ್ಯಾಯ ಸಿಕ್ಕಿತಲ್ಲ" ಎಂದು ನಕ್ಕರು. ನಾನು ಕ್ಷಮೆ ಕೇಳಲಿಲ್ಲ. ಚೆನ್ನೈಯಲ್ಲಿ ಒಂದೆರಡಾದರೂ ಸೇದಿರಬೇಕೆಂಬ ಗುಮಾನಿ ನನಗೆ ಇವತ್ತಿಗೂ ಇದೆ. ಆದರೆ ಬಾಗಿಲಲ್ಲಿ ನಿಂತು ಮೂಸುವುದನ್ನು ಬಿಟ್ಟೆ. ಅವರು ಬಂದವರೇ ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಕೂಸು ಹಾಲು ಕುಡಿಯುತ್ತ ನಡುವೆ ನಿಲ್ಲಿಸದೆ, ಬಾಯಿ ಬಿಡದೆ, ಹೊಟ್ಟೆ ತುಂಬ ಕುಡಿದು ಮಲಗತೊಡಗಿತು. ಅದರ ಮೈ ತುಂಬಿಕೊಂಡಿತು. ನಾನು ಹಿಗ್ಗಬೇಕಾದ ಹೊತ್ತಿನಲ್ಲಿ ಅವ್ವನ ಕಡೆ ಕಳ್ಳನೋಟ ಹರಿಸುತ್ತಿದ್ದೆ.

ಅವ್ವ ಎರೆಯುವುದನ್ನು ಬಿಟ್ಟಿರಲಿಲ್ಲ. ಶೆಗಡಿ ಮಾತ್ರ ಕಾಣಿಸಲಿಲ್ಲ, ಎಲ್ಲಿಟ್ಟಳೆಂದು ನಾನೂ ಕೇಳಲಿಲ್ಲ. ಔಷಧದ ಬಾಟಲಿ ಮುಗಿದಿತ್ತು. ನಾನು ಇನ್ನೊಂದು ತರುವುದನ್ನು ಮರೆತೆ. ಕೂಸು ಆರಾಮಾಗಿದ್ದ ಸಂತೋಷದಲ್ಲಿ ಆ ಸುಳ್ಳನ್ನು ಕಾಪಾಡಿಕೊಳ್ಳಬೇಕೆಂಬುದೇ ಮರೆತುಹೋಯಿತು. ಒಂದು ಬೆಳಿಗ್ಗೆ ಎರೆದಾದ ಮೇಲೆ ಅವ್ವ ಕೂಸನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು.

"ಔಷಧಿ ತೀರಿ ಭಾಳ ದಿನ ಆತಲ್ಲ?" ಎಂದು ಕೇಳಿದಳು.

"ಹೂಂ" ಅಂದುಬಿಟ್ಟೆ. ಅಂದ ಮೇಲೆ ಹೊಳೆಯಿತು. "ಇನ್ನ ಬ್ಯಾಡಂತ ಹೇಳ್ಯಾರ ಡಾಕ್ಟರು" ಎಂದು ಸೇರಿಸಿದೆ.

ಅವ್ವ ಬಗ್ಗಿ ಕೂಸಿನ ಬೆನ್ನಿಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಕೂಸು ಕೈಕಾಲು ಆಡಿಸುತ್ತಿತ್ತು.

"ಏನೂ ಸಪ್ಪಳ ಇಲ್ಲ" ಅಂದಳು. "ನಿಮ್ಮಣ್ಣನ ಎದಿ ಒಂದಿನಾನೂ ಹಿಂಗ ಸುಮ್ಮನಿರಲಿಲ್ಲ."

ಅವ್ವ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, ಒದ್ದೆ ಬಟ್ಟೆಗಳನ್ನು ಹಿಡಿದುಕೊಂಡು ಟೆರೇಸಿಗೆ ಹೋದಳು. ಅವಳು ಊರಿಗೆ ಹೊರಡಲು ಇನ್ನೂ ಒಂದು ತಿಂಗಳಿತ್ತು. ಆ ತಿಂಗಳೆಲ್ಲ ಕೂಸನ್ನು ಎತ್ತಿಕೊಳ್ಳುವ ಮೊದಲು ಪ್ರತಿ ಸಲವೂ ನನ್ನ ಅಪ್ಪಣೆ ಕೇಳಿದಳು.